ಕ್ಲೈಂಬಿಂಗ್ ಜಿಮ್‌ಗೆ ಜಾಗ: ಇಂದಿರಾನಗರವೋ, ಮಹದೇವಪುರವೋ, ಸರ್ಜಾಪುರ ರಸ್ತೆಯೋ?

ಪ್ರಶ್ನೆ: ನಾನು, ನನ್ನ ತಂಗಿ ಮತ್ತು ಒಬ್ಬ ಗೆಳೆಯ ಸೇರಿ ಬೆಂಗಳೂರಲ್ಲಿ ಇಂಡೋರ್ ಕ್ಲೈಂಬಿಂಗ್ ಜಿಮ್ ಶುರು ಮಾಡಬೇಕು ಅಂತಿದ್ದೇವೆ. ಸಾಲವೂ ಸೇರಿ ಕೈಯಲ್ಲಿ ಒಂದೂವರೆ ಕೋಟಿ ಇದೆ. ಮೂರು ಜಾಗ ನೋಡಿದ್ದೇವೆ. ಒಂದು, ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಮೂರನೇ ಮಹಡಿ: 4,000 ಚದರ ಅಡಿ, ಎತ್ತರ ಹನ್ನೊಂದೂವರೆ ಅಡಿ, ಬಾಡಿಗೆ ಚದರ ಅಡಿಗೆ 130 ರೂಪಾಯಿ. ಇನ್ನೊಂದು, ಮಹದೇವಪುರದ ಕೈಗಾರಿಕಾ ಪ್ರದೇಶದಲ್ಲಿ ಹಳೇ ಫ್ಯಾಕ್ಟರಿ ಶೆಡ್: 7,000 ಚದರ ಅಡಿ, ಎತ್ತರ 28 ಅಡಿ ಅಂತಾರೆ ಮಾಲೀಕರು, ಬಾಡಿಗೆ 50 ರೂಪಾಯಿ. ಗರುಡಾಚಾರ್ ಪಾಳ್ಯ ಮೆಟ್ರೋ ಸ್ಟೇಷನ್ನಿಂದ ಹತ್ತು ನಿಮಿಷದ ನಡಿಗೆ. ಮೂರನೆಯದು ಸರ್ಜಾಪುರ ರಸ್ತೆಯ ಹೊಸ ಕಟ್ಟಡದ ನೆಲಮಹಡಿ, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್: 6,000 ಚದರ ಅಡಿ, ಎತ್ತರ 16 ಅಡಿ, ಬಾಡಿಗೆ 85 ರೂಪಾಯಿ. ಮೂರೂ ಕಡೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ನಮ್ಮ ಜೊತೆ ತುರಹಳ್ಳಿಗೆ ಬಂಡೆ ಹತ್ತಲು ಬರುವವರು ಹೆಚ್ಚಾಗಿ ಇಂದಿರಾನಗರ, ಕೋರಮಂಗಲದ ಕಡೆಯವರು. ಯಾವುದನ್ನು ಹಿಡಿಯೋದು? ಅಥವಾ ಬಾಡಿಗೆ ಕಡಿಮೆ ಅಂತ ಮೈಸೂರಿಗೇ ಹೋಗಿಬಿಡೋದಾ?

ಉತ್ತರ: ಮಹದೇವಪುರದ ಶೆಡ್ ಹಿಡಿಯಿರಿ. ಆದರೆ ಕೆಳಗೆ ಹೇಳುವ ಕೆಲವು ವಿಷಯ ಖಚಿತ ಮಾಡಿಕೊಂಡ ಮೇಲೆ. ಅವು ಕೂಡಿಬರದಿದ್ದರೆ ಸರ್ಜಾಪುರ ರಸ್ತೆಯದು ನೋಡಿ. ಇಂದಿರಾನಗರದ ಮೂರನೇ ಮಹಡಿಯನ್ನು ಇವತ್ತೇ ಕೈಬಿಡಿ.

ನೀವು ಮೂರು ಜಾಗವನ್ನೂ ಏರಿಯಾ ಮತ್ತು ಬಾಡಿಗೆ ಹಿಡಿದು ತೂಗಿದ್ದೀರಿ. ನಾನಾದರೆ ಮೊದಲು ಕೇಳುವುದು ಬೇರೆ: ಆಮೇಲೆ ಎಷ್ಟೇ ದುಡ್ಡು ಸುರಿದರೂ ಬದಲಾಯಿಸಲು ಆಗದ್ದು ಈ ಜಾಗದಲ್ಲಿ ಏನೇನಿದೆ? ಟಾಯ್ಲೆಟ್ ಹೊಸದಾಗಿ ಕಟ್ಟಬಹುದು. ಬಣ್ಣ, ಬೆಳಕು, ಬೋರ್ಡು, ಎಸಿ ಎಲ್ಲ ಆಮೇಲಿನ ಮಾತು. ಸೂರಿನ ಎತ್ತರ, ಕಂಬ ಇರುವ ಜಾಗ, ನೆಲದ ತಾಕತ್ತು, ಮಳೆ ನೀರು ಹರಿಯುವ ದಿಕ್ಕು, ಮಾಲೀಕರ ಕಾಗದಪತ್ರ, ಜನ ಸಂಜೆ ಬರುವ ದಾರಿ ಮಾತ್ರ ಹೇಗಿದೆಯೋ ಹಾಗೇ ಇರುತ್ತವೆ. ಜೊತೆಗೆ, ಒಮ್ಮೆ ಗೋಡೆ ನಿಂತರೆ ನೀವೂ ಅಲ್ಲೇ ಇರಬೇಕು. ಮಾಮೂಲಿ ಜಿಮ್‌ನವರು ಟ್ರೆಡ್‌ಮಿಲ್‌ಗಳನ್ನು ಲಾರಿಗೆ ಹಾಕಿಕೊಂಡು ಬೇರೆ ಕಡೆ ಹೋಗಬಹುದು. ಆ ಜಾಗದ ಅಳತೆಗೇ ಕತ್ತರಿಸಿ ವೆಲ್ಡಿಂಗ್ ಮಾಡಿದ ಸ್ಟೀಲ್ ಫ್ರೇಮು, ಅದರ ಮೇಲಿನ ಪ್ಲೈವುಡ್ಡು ಇನ್ನೊಂದು ಕಟ್ಟಡಕ್ಕೆ ಹೊಂದುವುದು ಅಪರೂಪ. ಹೋಲ್ಡ್‌ಗಳು (ಹತ್ತಲು ಗೋಡೆಗೆ ಸಿಕ್ಕಿಸುವ ಹಿಡಿಗಳು) ಮತ್ತು ಬೀಳುವವರಿಗೆ ಹಾಸುವ ಮ್ಯಾಟ್ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಗುಜರಿಗೇ.

ಎತ್ತರದಿಂದ ಶುರು ಮಾಡೋಣ. ಹಗ್ಗವಿಲ್ಲದೆ ಹತ್ತುವ ಬೋಲ್ಡರಿಂಗ್ ಗೋಡೆಗೆ ಯುರೋಪಿನ ಇಎನ್ 12572 ಮಾನದಂಡ ಹೆಚ್ಚೆಂದರೆ ನಾಲ್ಕೂವರೆ ಮೀಟರ್ ಅನ್ನುತ್ತದೆ. ಗೋಡೆಯ ತಲೆ ಮೇಲೆ ಹತ್ತಿ ನಿಲ್ಲುವ ಹಾಗಿದ್ದರೆ 4 ಮೀಟರ್. ಇದನ್ನು ಅಳೆಯುವುದು ಮ್ಯಾಟ್‌ನ ಮೇಲ್ಮೈಯಿಂದ. ಅಂದರೆ ನಮ್ಮ ಲೆಕ್ಕದಲ್ಲಿ 13ರಿಂದ 15 ಅಡಿ ಗೋಡೆ, ಅದರ ಕೆಳಗೆ ಒಂದಡಿ ದಪ್ಪದ ಮ್ಯಾಟ್, ಮೇಲೆ ಲೈಟು, ಫ್ಯಾನು, ಸ್ಪ್ರಿಂಕ್ಲರ್ ಪೈಪಿಗೆ ಎರಡಡಿ. ಒಳ್ಳೆಯ ಬೋಲ್ಡರಿಂಗ್ ಜಿಮ್‌ಗೆ ಏನೂ ಅಡ್ಡ ಇಲ್ಲದ 16ರಿಂದ 18 ಅಡಿ ಬೇಕು.

ಈಗ ಇಂದಿರಾನಗರದ ಹನ್ನೊಂದೂವರೆ ಅಡಿ ನೋಡಿ. ಮ್ಯಾಟ್‌ಗೆ ಒಂದಡಿ ಕಳೆಯಿರಿ. ತೊಲೆ ಎಲ್ಲಿ ಹಾದುಹೋಗುತ್ತದೋ ಅಲ್ಲಿ ಇನ್ನೂ ಒಂದೂವರೆ, ಎರಡಡಿ ಹೋಯಿತು. ಒಳ್ಳೆ ಕಡೆ ಹತ್ತಡಿ ಗೋಡೆ, ತೊಲೆ ಕೆಳಗೆ ಎಂಟೂವರೆ. ಐದೂವರೆ ಅಡಿ ಎತ್ತರದ ಮನುಷ್ಯ ಮ್ಯಾಟ್ ಮೇಲೆ ನಿಂತು ಕೈ ಎತ್ತಿದರೇ ಏಳಡಿ ಮುಟ್ಟುತ್ತಾನೆ. ಇನ್ನು ಅವನಿಗೆ ಉಳಿದದ್ದು ಮೂರಡಿ. ಎರಡು ಹೆಜ್ಜೆಗೆ ಆಟ ಮುಗಿಯಿತು. ಮೊದಲ ಸಲ ಬಂದವರು ಗೋಡೆಯ ತುದಿ ಮುಟ್ಟಿ ಕೆಳಗೆ ನೋಡಿದಾಗ ಹೊಟ್ಟೆಯಲ್ಲಿ ಒಂದು ಕ್ಷಣ ಏನೋ ಆಗುತ್ತದೆ. ಅದಕ್ಕೇ ಅವರು ಮತ್ತೆ ಬರುವುದು. ಹತ್ತಡಿಯಲ್ಲಿ ಅದು ಆಗುವುದಿಲ್ಲ.

ಅಷ್ಟು ಎತ್ತರದಲ್ಲಿ ಏನೂ ಮಾಡಲಾಗದು ಅಂತಲ್ಲ. 40 ಡಿಗ್ರಿ ವಾಲಿದ ಮೂನ್‌ಬೋರ್ಡ್ ಅನ್ನುವ ಅಭ್ಯಾಸದ ಹಲಗೆ 8 ಅಡಿ ಅಗಲ, ಹತ್ತೂವರೆ ಅಡಿ ಎತ್ತರ ಅಷ್ಟೇ. ಒಂದೆರಡು ಬೋರ್ಡ್ ಹಾಕಿ ಪಳಗಿದವರಿಗೆ ಟ್ರೈನಿಂಗ್ ರೂಮ್ ಮಾಡಬಹುದು. ಆದರೆ ಆ ಬೋರ್ಡ್ ಹೊಸಬರಿಗೆ ಆಗಿಬರುವುದಿಲ್ಲ. ಪಳಗಿದವರಷ್ಟರಿಂದಲೇ ತಿಂಗಳಿಗೆ 5 ಲಕ್ಷ 20 ಸಾವಿರ ಬಾಡಿಗೆ ಕಟ್ಟುವುದು ಆಗದ ಮಾತು. ಇನ್ನೊಂದು ವಿಷಯ, ಮೂರನೇ ಮಹಡಿ ಅಂದರೆ ಕೆಳಗೆ ಎರಡನೇ ಮಹಡಿಯಲ್ಲಿ ಯಾರೋ ಇರುತ್ತಾರೆ. ದಿನಕ್ಕೆ ಸಾವಿರಾರು ಸಲ ಜನ ಮ್ಯಾಟ್ ಮೇಲೆ ಧೊಪ್ಪನೆ ಬೀಳುತ್ತಾರೆ. ಫೋಮ್ ಪೆಟ್ಟನ್ನು ತಡೆಯುತ್ತದೆ, ಕೆಳಗಿನವರ ಸೂರಿನ ಅದುರನ್ನು ಪೂರ್ತಿ ತಡೆಯುವುದಿಲ್ಲ. ಕೆಳಗೆ ಡೆಂಟಲ್ ಕ್ಲಿನಿಕ್ಕೋ ಕಾಲ್ ಸೆಂಟರೋ ಇದ್ದರೆ ಮೂರು ತಿಂಗಳಲ್ಲಿ ಜಗಳ ಗ್ಯಾರಂಟಿ.

100 ಅಡಿ ರಸ್ತೆಯ ಬಾಡಿಗೆ ಯಾಕೆ ಅಷ್ಟು ಅನ್ನೋದನ್ನೂ ಯೋಚಿಸಿ. ದಾರಿಯಲ್ಲಿ ಹೋಗುವವರು ಒಳಗೆ ಬಂದು ಕೊಳ್ಳಲಿ ಅಂತ ಬಟ್ಟೆ ಅಂಗಡಿ, ಕಾಫಿ ಅಂಗಡಿಯವರು ಆ ಮುಂಭಾಗಕ್ಕೆ ದುಡ್ಡು ಕೊಡುತ್ತಾರೆ. ಕ್ಲೈಂಬಿಂಗ್ ಜಿಮ್‌ಗೆ ಹಾಗೆ ಯಾರೂ ನುಗ್ಗುವುದಿಲ್ಲ. ಮನೆಯಿಂದ ಹೊರಡುವಾಗಲೇ ಬಟ್ಟೆ, ನೀರಿನ ಬಾಟಲಿ ಬ್ಯಾಗಿಗೆ ಹಾಕಿಕೊಂಡು ಬರುತ್ತಾರೆ. ಅವರಿಗೆ ಬೇಕಾದ್ದು ಸಲೀಸಾಗಿ ತಲುಪುವ ದಾರಿ. ಬೇರೆ ವ್ಯಾಪಾರಕ್ಕೆ ಬೆಲೆ ಬಾಳುವ ಮುಂಭಾಗಕ್ಕೆ ನೀವು ಸುಮ್ನೆ ದುಡ್ಡು ಕೊಟ್ಟ ಹಾಗಾಗುತ್ತದೆ.

ಇನ್ನು ಶೆಡ್. ಮಾಲೀಕರು ಹೇಳುವ 28 ಅಡಿಯನ್ನು ನಂಬಬೇಡಿ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಮಾಡಿನ ನಡುವಿನ ತುದಿಗೆ ಅಳೆದು ಹೇಳುತ್ತಿದ್ದಾರೆ. ನಿಮಗೆ ಬೇಕಾದ ಲೆಕ್ಕ ಟ್ರಸ್‌ನ, ಅಂದರೆ ಮಾಡನ್ನು ಹೊರುವ ಚೌಕಟ್ಟಿನ, ಕೆಳಗಿನ ಪಟ್ಟಿಯದ್ದು. ಲೇಸರ್ ಅಳತೆ ಮೆಷಿನ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಅದನ್ನು ತೆಗೆದುಕೊಂಡು ಹೋಗಿ, ಪ್ರತಿ ಟ್ರಸ್ ಕೆಳಗೂ ನಿಂತು ಅಳೆಯಿರಿ. ಹಳೇ ಮೆಷಿನ್ ಶಾಪ್ ಆಗಿದ್ದರೆ ಎರಡೂ ಬದಿಗೆ ಕ್ರೇನ್ ಓಡುತ್ತಿದ್ದ ಗರ್ಡರ್ ಇರಬಹುದು. ಅದು ಹೋಗುತ್ತದಾ, ತೆಗೆಯಲು ಮಾಲೀಕರು ಒಪ್ಪುತ್ತಾರಾ ಕೇಳಿ. ನನ್ನ ಅಂದಾಜು, 28 ಅಡಿ ಅಂದರೆ ನಿಮಗೆ ಸಿಗುವುದು 20, 22 ಅಡಿ. ಬೋಲ್ಡರಿಂಗ್‌ಗೆ ಅದು ಧಾರಾಳ.

ಹಗ್ಗದ ಗೋಡೆಯ ಆಸೆ ಇದ್ದರೆ ಈಗಲೇ ಬದಿಗಿಡಿ. ಸ್ಪರ್ಧೆಯ ಸ್ಪೀಡ್ ಗೋಡೆ 15 ಮೀಟರ್, ಅಂದರೆ 49 ಅಡಿ. ಹಗ್ಗವನ್ನು ತಾವೇ ಸಿಕ್ಕಿಸಿಕೊಳ್ಳುತ್ತಾ ಮೇಲೇರುವ ಲೀಡ್ ಹತ್ತಲು ಖುಷಿಯಾಗಬೇಕಾದರೆ 40 ಅಡಿಯಾದರೂ ಬೇಕು. ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಸ್ ನೋಡಿದ ಮೇಲೆ ಎಲ್ಲರಿಗೂ ಆ ಗೋಡೆಯೇ ಕಣ್ಣ ಮುಂದೆ ಬರುತ್ತದೆ, ಗೊತ್ತು. ಆ ಎತ್ತರದ ಶೆಡ್ ಸಿಗುವುದು ಊರಾಚೆಯ ಗೋಡೌನ್‌ಗಳಲ್ಲಿ. ಅಲ್ಲಿಗೆ ಕೆಲಸದ ದಿನ ಸಂಜೆ ಯಾರೂ ಬರುವುದಿಲ್ಲ. ಒಂದೂವರೆ ಕೋಟಿಯಲ್ಲಿ ಬೋಲ್ಡರಿಂಗ್ ಒಂದನ್ನೇ ಚೆನ್ನಾಗಿ ಮಾಡಿ.

ಟ್ರಸ್ ಬಗ್ಗೆ ಇನ್ನೊಂದು ಎಚ್ಚರಿಕೆ. ಗೋಡೆಯ ಭಾರವನ್ನು ಯಾವ ಕಾರಣಕ್ಕೂ ಹಳೇ ಟ್ರಸ್‌ಗೆ ನೇತುಹಾಕಬೇಡಿ. ಅದನ್ನು ಕಟ್ಟಿದ್ದು ಶೀಟಿನ ಭಾರ ಮತ್ತು ಗಾಳಿಯ ಹೊಡೆತ ತಡೆಯಲು. ನಿಮ್ಮ ಗೋಡೆ ತನ್ನದೇ ಫ್ರೇಮಿನ ಮೇಲೆ ನಿಲ್ಲಬೇಕು, ಆ ಫ್ರೇಮಿಗೆ ನೆಲದಲ್ಲಿ ಪಾಯ ಬೇಕು. ಹಳೇ ಶೆಡ್‌ಗಳ ನೆಲ ನಾಲ್ಕೈದು ಇಂಚಿನ ಕಾಂಕ್ರೀಟ್ ಅಷ್ಟೇ ಇರುವುದುಂಟು. ಅಲ್ಲಲ್ಲಿ ಒಡೆದು ಫುಟಿಂಗ್ ಹಾಕಬೇಕಾದೀತು. ಅದಕ್ಕೆ ಮಾಲೀಕರ ಒಪ್ಪಿಗೆ ಕರಾರಿನಲ್ಲಿ ಬರಹದಲ್ಲೇ ಇರಲಿ.

ಸರ್ಜಾಪುರ ರಸ್ತೆಯ ಕಟ್ಟಡದಲ್ಲಿ ನೆಲದ ಪ್ರಶ್ನೆ ಬೇರೆ ಥರ. ನೆಲಮಹಡಿ ಅಂದ ಮಾತ್ರಕ್ಕೆ ಕೆಳಗೆ ಗಟ್ಟಿ ಭೂಮಿ ಇದೆ ಅಂತಲ್ಲ. ಅಲ್ಲಿ ಕೆಳಗೆ ಬೇಸ್‌ಮೆಂಟ್ ಇದೆ, ನೀವು ನಿಲ್ಲುವುದು ಸ್ಲ್ಯಾಬ್ ಮೇಲೆ. ಆಫೀಸಿಗಾಗಿ ಮಾಡಿದ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 250ರಿಂದ 400 ಕೆಜಿ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಜಿಮ್ ಥರದ ಜಾಗಕ್ಕೆ ಕಟ್ಟಡದ ಭಾರದ ಭಾರತೀಯ ಮಾನದಂಡ ಐಎಸ್ 875 ಹೇಳುವುದು ಸುಮಾರು 500 ಕೆಜಿ. ಮ್ಯಾಟ್ ಹಗುರವೇ. ಆದರೆ ಗೋಡೆಯ ಭಾರ ಎಲ್ಲ ಕಡೆ ಹಂಚಿಕೊಳ್ಳದೆ ಕೆಲವೇ ಪಾದಗಳ ಮೇಲೆ ಬೀಳುತ್ತದೆ. ಬಿಲ್ಡರ್ ಬಳಿ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ, ನಿಮ್ಮದೇ ಎಂಜಿನಿಯರ್‌ಗೆ ತೋರಿಸಿ. 'ಏನೂ ಆಗಲ್ಲ ಸಾರ್, ಸ್ಟ್ರಾಂಗ್ ಆಗಿದೆ' ಅನ್ನುವ ಬಾಯಿಮಾತು ಸಾಲದು.

ಎತ್ತರ ಅಲ್ಲಿ ಒಪ್ಪಬಹುದಾದಷ್ಟಿದೆ. 16 ಅಡಿಯಲ್ಲಿ ತೊಲೆಗೆ ಎರಡು, ಮ್ಯಾಟ್‌ಗೆ ಒಂದು ಕಳೆದರೆ 13 ಅಡಿ. ಎಸಿ ಡಕ್ಟನ್ನು ಗೋಡೆಗಳ ಮೇಲೆ ಹಾಯಿಸದೆ ನಡೆದಾಡುವ ಜಾಗದ ಮೇಲೆ ಒಯ್ದರೆ 13 ಅಡಿ ಗೋಡೆ ನಿಲ್ಲುತ್ತದೆ. ತೊಂದರೆ ಇರುವುದು ಕಂಬಗಳಲ್ಲಿ. ಗೋಡೆ ಎಷ್ಟು ಮುಂದಕ್ಕೆ ವಾಲಿದೆಯೋ ಆ ತುದಿಯಿಂದ ಆಚೆಗೆ ಇನ್ನೂ ಎಂಟಡಿ ಬಯಲಾಗಿರಬೇಕು ಅನ್ನೋದು ನನ್ನ ಲೆಕ್ಕ. ಬೀಳುವವರು ನೆಟ್ಟಗೆ ಬೀಳುವುದಿಲ್ಲ, ಹಿಂದಕ್ಕೆ ಎಗರಿ ಬೀಳುತ್ತಾರೆ. ಅದರಾಚೆ ಜನ ಓಡಾಡಲು ಐದಾರಡಿ. ಹೀಗೆ ಒಂದು ಗೋಡೆಗೆ 20, 22 ಅಡಿ ಆಳ ಬೇಕು. ಎದುರು ಬದುರು ಎರಡು ಗೋಡೆ ಅಂದರೆ ಹತ್ತಿರ ಹತ್ತಿರ 40 ಅಡಿ. ಅಷ್ಟರಲ್ಲಿ ಒಂದು ಕಂಬವಾದರೂ ಬೀಳುವ ಜಾಗಕ್ಕೇ ಬಂದು ನಿಂತಿರುತ್ತದೆ. ಕಂಬಕ್ಕೆ ಫೋಮ್ ಸುತ್ತಿದರೆ ಆಯಿತು ಅನ್ನುವವರ ಮಾತು ಕೇಳಬೇಡಿ. ಕಂಬವನ್ನು ಗೋಡೆಯೊಳಗೇ ಮುಚ್ಚಿಕೊಳ್ಳುವ ಹಾಗೆ ನಕ್ಷೆ ಮಾಡಲು ಆಗುತ್ತದಾ ನೋಡಿ. ಆಗದಿದ್ದರೆ 6,000 ಚದರ ಅಡಿಗೆ ಬಾಡಿಗೆ ಕೊಟ್ಟು 4,500 ಬಳಸಿದ ಹಾಗೆ. ಶೆಡ್‌ನ ದೊಡ್ಡ ಲಾಭ ಇಲ್ಲೇ ಇದೆ. ಹಳೇ ಫ್ಯಾಕ್ಟರಿಗಳಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ 40, 50 ಅಡಿ ನಡುವೆ ಕಂಬವೇ ಇರುವುದಿಲ್ಲ.

ಈಗ ಜನರ ವಿಷಯ. ನಿಮ್ಮ ತುರಹಳ್ಳಿ ಗೆಳೆಯರ ಮನೆ ಎಲ್ಲಿದೆ ಅಂತ ನೋಡಿ ಜಿಮ್ ಎಲ್ಲಿಡಬೇಕು ಅಂತ ತೀರ್ಮಾನಿಸಬೇಡಿ. ಅವರು ಪ್ರೀತಿಯಿಂದ ಬರುತ್ತಾರೆ, ಮೊದಲ ವರ್ಷ ಜಿಮ್‌ಗೆ ಜೀವ ತುಂಬುವವರೂ ಅವರೇ. ಆದರೆ ಬಾಡಿಗೆ ಕಟ್ಟುವವರು ಇವತ್ತಿನವರೆಗೆ ಒಂದು ಬಂಡೆಯನ್ನೂ ಮುಟ್ಟದ ಮುನ್ನೂರು ನಾನೂರು ಜನ. ಆಫೀಸ್ ಮುಗಿಸಿ ವಾರಕ್ಕೆ ಎರಡು ಸಲ ಬರುವವರು. ಶನಿವಾರ, ಭಾನುವಾರ ಒಮ್ಮೆ ನೋಡಿ ಹೋಗಲು ಯಾರು ಎಷ್ಟು ದೂರದಿಂದಲಾದರೂ ಬರಬಹುದು. ಮೆಂಬರ್‌ಶಿಪ್ ನಿಲ್ಲುವುದು ಮಂಗಳವಾರ ಸಂಜೆ ಆರೂವರೆಗೆ ಬರಲು ಆಗುತ್ತದಾ ಅನ್ನೋದರ ಮೇಲೆ.

ಆದ್ದರಿಂದ ಜಾಗ ನೋಡಲು ಭಾನುವಾರ ಬೆಳಿಗ್ಗೆ ಹೋಗಬೇಡಿ. ಬೆಂಗಳೂರಲ್ಲಿ ಭಾನುವಾರ ಬೆಳಿಗ್ಗೆ ಎಲ್ಲವೂ ಹತ್ತಿರವೇ. ಮಂಗಳವಾರ, ಗುರುವಾರ ಸಂಜೆ ಆರಕ್ಕೆ ನೀವು ಮೂವರೂ ಮೂರು ಕಡೆಯಿಂದ ಹೊರಡಿ. ಒಬ್ಬರು ಐಟಿಪಿಎಲ್ ಗೇಟಿಂದ, ಒಬ್ಬರು ಬೆಳ್ಳಂದೂರಿಂದ, ಇನ್ನೊಬ್ಬರು ಇಂದಿರಾನಗರದಿಂದ. ಒಂದು ದಿನ ಸ್ಕೂಟರಲ್ಲಿ, ಒಂದು ದಿನ ಬಸ್ಸು ಮೆಟ್ರೋದಲ್ಲಿ. ಮಳೆ ಬಂದ ಸಂಜೆ ಮತ್ತೊಮ್ಮೆ. ಅರ್ಧ ಗಂಟೆಯೊಳಗೆ ತಲುಪಿದ ಕಡೆಯಿಂದ ಮಾತ್ರ ಮೆಂಬರ್ಸ್ ಬರುತ್ತಾರೆ ಅಂತಿಟ್ಟುಕೊಳ್ಳಿ.

ಈ ಪರೀಕ್ಷೆಯಲ್ಲಿ ಗರುಡಾಚಾರ್ ಪಾಳ್ಯ ಗೆಲ್ಲುತ್ತದೆ ಅಂತ ನನ್ನ ನಂಬಿಕೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ತೆರೆದ ಮೇಲೆ ಆ ಕಡೆಯ ಲೆಕ್ಕವೇ ಬದಲಾಗಿದೆ. ಇಂದಿರಾನಗರದಿಂದ ಅದು ಆರನೇ ಸ್ಟೇಷನ್. ಅಂದರೆ ಇಂದಿರಾನಗರದ ನಿಮ್ಮ ಗೆಳೆಯರೂ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳದೆ ಬರಬಹುದು. ಇನ್ನೊಂದು ದಿಕ್ಕಲ್ಲಿ ಹೂಡಿ, ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರ, ಕಾಡುಗೋಡಿ. ಆಫೀಸೂ ಇದೆ, ಮನೆಯೂ ಇದೆ. ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲೇ ಸಿಗುವ ಜಾಗಕ್ಕೆ ಇರುವ ಬಲ ಬೇರೆ ಯಾವುದಕ್ಕೂ ಇಲ್ಲ. ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರಕ್ಕೆ ಬರುವ ನೀಲಿ ಮಾರ್ಗವೂ ನಿಮಗೆ ಅನುಕೂಲವೇ. ಆದರೆ ಅದನ್ನು ನೆಚ್ಚಿ ಲೆಕ್ಕ ಹಾಕಬೇಡಿ. ಇವತ್ತು ಓಡುತ್ತಿರುವ ರೈಲಿನ ಮೇಲೆ ಬಾಡಿಗೆ ನಿಭಾಯಿಸಲು ಆಗಬೇಕು.

ಸರ್ಜಾಪುರ ರಸ್ತೆಯದ್ದು ಬೇರೆಯದೇ ವ್ಯಾಪಾರ. ದೂರದಿಂದ ಅಲ್ಲಿಗೆ ಸಂಜೆ ಬರುವುದು ಕಷ್ಟ. ಆದರೆ ಸುತ್ತಲಿನ ಮೂರು ಕಿಲೋಮೀಟರ್ ಒಳಗೇ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳು, ಸ್ಕೂಲುಗಳು. ಅಲ್ಲಿ ನಿಮ್ಮ ಮುಖ್ಯ ಗಿರಾಕಿ ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳು. ಮಧ್ಯಾಹ್ನ ನಾಲ್ಕರಿಂದ ಆರು ಗಂಟೆ, ಬೇರೆ ಜಿಮ್‌ಗಳು ಖಾಲಿ ಹೊಡೆಯುವ ಹೊತ್ತು, ಅಲ್ಲಿ ತುಂಬಿರುತ್ತದೆ. ಮಕ್ಕಳಿಗೆ 13 ಅಡಿ ಗೋಡೆ ಧಾರಾಳ. ನಿಮ್ಮ ಮೂವರಲ್ಲಿ ಯಾರಿಗಾದರೂ ಮಕ್ಕಳಿಗೆ ಕಲಿಸುವುದರಲ್ಲಿ ನಿಜವಾದ ಆಸಕ್ತಿ ಇದ್ದರೆ ಆ ಜಾಗವನ್ನು ಹಗುರವಾಗಿ ತಳ್ಳಿಹಾಕಬೇಡಿ. ಆಸಕ್ತಿ ಇಲ್ಲದೆ ಬರೀ ಲೆಕ್ಕಕ್ಕಾಗಿ ಮಕ್ಕಳ ಬ್ಯಾಚ್ ನಡೆಸಿದರೆ ಅಪ್ಪ ಅಮ್ಮಂದಿರಿಗೆ ಎರಡೇ ವಾರದಲ್ಲಿ ಗೊತ್ತಾಗಿಬಿಡುತ್ತದೆ.

ದುಡ್ಡಿನ ಲೆಕ್ಕ ಚಿಕ್ಕದಾಗಿ ಹೇಳುತ್ತೇನೆ. ತಿಂಗಳ ಬಾಡಿಗೆ ಇಂದಿರಾನಗರದಲ್ಲಿ 5.2 ಲಕ್ಷ, ಸರ್ಜಾಪುರ ರಸ್ತೆಯಲ್ಲಿ 5.1 ಲಕ್ಷ, ಶೆಡ್‌ಗೆ 3.5 ಲಕ್ಷ. ಹತ್ತು ತಿಂಗಳ ಅಡ್ವಾನ್ಸ್ ಅಂದರೆ ಮೊದಲೆರಡರಲ್ಲಿ ಐವತ್ತು ಲಕ್ಷದ ಮೇಲೆ. ನಿಮ್ಮ ಬಂಡವಾಳದ ಮೂರನೇ ಒಂದು ಭಾಗ ಗೋಡೆ ಏಳುವ ಮುಂಚೆಯೇ ಮಾಲೀಕರ ಅಕೌಂಟಲ್ಲಿ. ಆರು ತಿಂಗಳಿಗೆ ಇಳಿಸಲು ಎಲ್ಲ ಕಡೆಯೂ ಜಗ್ಗಾಡಿ. ಬಾಡಿಗೆ ಮೇಲೆ ಶೇಕಡ 18 ಜಿಎಸ್‌ಟಿ ಇದೆ. ಜಿಮ್ ಸೇವೆಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 5, ಆದರೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಬಾಡಿಗೆ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಲು ಆಗುವುದಿಲ್ಲ. ನಿಮ್ಮ ಸೇವೆ ಆ ಗುಂಪಿಗೆ ಸೇರುತ್ತದಾ ಅಂತ ಸಿಎ ಹತ್ತಿರ ಕೇಳಿ. ಸೇರಿದರೆ ಶೆಡ್‌ನ 3.5 ಲಕ್ಷ ನಿಮ್ಮ ಪಾಲಿಗೆ 4.13 ಲಕ್ಷ. ಮೆಂಬರ್ ಒಬ್ಬರಿಂದ ತೆರಿಗೆ ಕಳೆದು 3,500 ಬರುತ್ತದೆ ಅಂತಿಟ್ಟುಕೊಂಡರೆ ಬಾಡಿಗೆಗಷ್ಟೇ 118 ಮೆಂಬರ್ಸ್ ಬೇಕು. ಇಂದಿರಾನಗರಕ್ಕೆ 175 ದಾಟುತ್ತದೆ, ಅದೂ ಅರ್ಧ ಎತ್ತರದ ಜಾಗದಲ್ಲಿ. ಬಾಡಿಗೆ ಒಟ್ಟು ಆದಾಯದ ಮೂರನೇ ಒಂದು ಭಾಗ ದಾಟಿದ ಜಿಮ್ ಉಸಿರಾಡುವುದು ಕಷ್ಟ. ಸಂಬಳ, ಕರೆಂಟು, ಹೊಸ ಹೋಲ್ಡ್‌ಗಳು ಎಲ್ಲ ಉಳಿದದ್ದರಲ್ಲೇ ಆಗಬೇಕು. ಹೊಸ ಹೋಲ್ಡ್ ಬರದ ಜಿಮ್ ಬೇಗ ಹಳಸುತ್ತದೆ.

ಶೆಡ್ ಬಗ್ಗೆ ಇಷ್ಟು ಒಳ್ಳೆಯದು ಹೇಳಿದ ಮೇಲೆ ಅದರ ಮೂರು ನಾಲ್ಕು ನಿಜವಾದ ಅಪಾಯಗಳನ್ನೂ ಹೇಳಬೇಕು.

ಮೊದಲನೆಯದು ನೀರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬಡಾವಣೆಗಳೇ ಮುಳುಗಿ, ಜನರನ್ನು ಟ್ರ್ಯಾಕ್ಟರ್‌ನಲ್ಲಿ ಕರೆತಂದದ್ದು ನಿಮಗೂ ನೆನಪಿರಬೇಕು. ನಿಮ್ಮ ಜಿಮ್‌ನಲ್ಲಿ ಅತಿ ದೊಡ್ಡ ಖರ್ಚುಗಳಲ್ಲಿ ಒಂದು ಮ್ಯಾಟ್. ಅದು ನೆಲದ ಮೇಲೇ ಹಾಸಿರುತ್ತದೆ. ಅರ್ಧ ಅಡಿ ಚರಂಡಿ ನೀರು ಒಂದು ರಾತ್ರಿ ನಿಂತರೆ ಫೋಮ್ ಎಲ್ಲ ಹೀರಿಕೊಳ್ಳುತ್ತದೆ. ಒಣಗಿಸಿದರೂ ವಾಸನೆ ಹೋಗುವುದಿಲ್ಲ, ಬೂಸ್ಟು ಬಿಡುವುದಿಲ್ಲ. ಆದ್ದರಿಂದ ಶೆಡ್‌ನ ಒಳಗೋಡೆಯ ಬುಡವನ್ನು ಬಗ್ಗಿ ನೋಡಿ. ಒಂದೇ ಎತ್ತರಕ್ಕೆ ಉದ್ದಕ್ಕೂ ಕಂದು ಗೆರೆ ಇದ್ದರೆ ನೀರು ಬಂದು ನಿಂತಿತ್ತು ಅಂತ ಅರ್ಥ. ಹೊಸದಾಗಿ ಸುಣ್ಣ ಬಳಿದಿದ್ದರೆ ರೋಲಿಂಗ್ ಶಟರ್‌ನ ಕೆಳಭಾಗದ ತುಕ್ಕು ನೋಡಿ, ಸ್ವಿಚ್ ಬೋರ್ಡುಗಳನ್ನು ಇತ್ತೀಚೆಗೆ ಮೇಲಕ್ಕೆ ಏರಿಸಿದ್ದಾರಾ ನೋಡಿ. ಒಳಗಿನ ನೆಲ ಮುಂದಿನ ರಸ್ತೆಗಿಂತ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ಡಾಂಬರು ಮೇಲೆ ಡಾಂಬರು ಹಾಕಿ ರಸ್ತೆಯೇ ಮೇಲೇರಿ ಹಳೇ ಶೆಡ್‌ಗಳು ತಗ್ಗಾಗಿರುವುದು ಜಾಸ್ತಿ. ಹತ್ತಿರದಲ್ಲಿ ರಾಜಕಾಲುವೆ ಇದೆಯಾ ತಿಳಿದುಕೊಳ್ಳಿ. ಮಾಲೀಕರನ್ನು ಕೇಳುವುದಕ್ಕಿಂತ ಎದುರಿನ ಟೀ ಅಂಗಡಿಯವರನ್ನು ಕೇಳಿ. ಯಾವ ಮಳೆಗೆ ನೀರು ಎಲ್ಲಿವರೆಗೆ ಬಂತು ಅಂತ ಅವರು ಕೈಯಲ್ಲೇ ತೋರಿಸುತ್ತಾರೆ.

ಎರಡನೆಯದು ಶೆಕೆ. ತಗಡಿನ ಶೀಟು ಏಪ್ರಿಲ್ ಮಧ್ಯಾಹ್ನ ಕಾವಲಿಯಂತೆ ಕಾಯುತ್ತದೆ. ಬೆವರಿದ ಬೆರಳು ಹೋಲ್ಡ್ ಮೇಲೆ ನಿಲ್ಲುವುದಿಲ್ಲ. ನಿಮ್ಮ ವರ್ಷದ ಚಕ್ರ ನೋಡಿ: ನವೆಂಬರಿಂದ ಫೆಬ್ರವರಿವರೆಗೆ ಪಳಗಿದವರು ಶನಿವಾರ ಬಂದರೆ ಹಂಪಿ, ಬಾದಾಮಿಗೆ ಓಡುತ್ತಾರೆ. ಏಪ್ರಿಲ್, ಮೇನಲ್ಲಿ ಮಕ್ಕಳ ಬೇಸಿಗೆ ಶಿಬಿರ. ಜೂನಿಂದ ಸೆಪ್ಟೆಂಬರ್ ಮಳೆಗೆ ಬಂಡೆ ಒದ್ದೆ, ಎಲ್ಲರೂ ಒಳಗೆ. ಅಂದರೆ ಶೆಡ್ ಅತಿ ಹೆಚ್ಚು ಕಾಯುವ ತಿಂಗಳಲ್ಲೇ ಮಕ್ಕಳು ಬರುತ್ತಾರೆ, ಅತಿ ಹೆಚ್ಚು ಸೋರುವ ತಿಂಗಳಲ್ಲೇ ದೊಡ್ಡವರು ಬರುತ್ತಾರೆ. ಮಾಡಿನ ಕೆಳಗೆ ಇನ್ಸುಲೇಷನ್, ಬಿಸಿ ಗಾಳಿ ಮೇಲಿಂದ ಹೋಗಲು ಟರ್ಬೋ ವೆಂಟಿಲೇಟರ್, ದೊಡ್ಡ ರೆಕ್ಕೆಯ ನಿಧಾನದ ಫ್ಯಾನ್, ಇಷ್ಟಕ್ಕೆ ಮೊದಲ ದಿನದಿಂದಲೇ ದುಡ್ಡು ತೆಗೆದಿಡಿ. ಹತ್ತುವವರು ಕೈಗೆ ಹಚ್ಚಿಕೊಳ್ಳುವ ಚಾಕ್ ಪುಡಿ ಹೊರಹೋಗಲೂ ಗಾಳಿಯಾಟ ಬೇಕೇ ಬೇಕು. ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಒಳಗೆ ಅರ್ಧ ಗಂಟೆ ನಿಲ್ಲಿ. ಮಾಡಿನ ಶೀಟು ಆಸ್‌ಬೆಸ್ಟಾಸ್ ಆಗಿದ್ದರೆ ಅದನ್ನು ತೆಗೆಸಿ ಹೊಸದು ಹಾಕಿಸುವ ಖರ್ಚು ಮಾಲೀಕರದ್ದೇ ಅಂತ ಪಟ್ಟು ಹಿಡಿಯಿರಿ.

ಮೂರನೆಯದು ರಾತ್ರಿ. ನಿಮ್ಮ ತಂಗಿ ಇದರಲ್ಲಿ ಪಾಲುದಾರರು, ಈ ಪರೀಕ್ಷೆಯನ್ನು ಅವರ ತೀರ್ಪಿಗೇ ಬಿಡಿ. ರಾತ್ರಿ ಒಂಬತ್ತೂವರೆಗೆ ಶೆಡ್‌ನಿಂದ ಸ್ಟೇಷನ್‌ವರೆಗೆ ನಡೆದು ನೋಡಲಿ. ಬೀದಿದೀಪ ಉರಿಯುತ್ತದಾ, ಫ್ಯಾಕ್ಟರಿ ಕಾಂಪೌಂಡುಗಳ ನಡುವೆ ಎಷ್ಟು ದೂರ ಒಂದೂ ಅಂಗಡಿ ಇಲ್ಲದೆ ನಡೆಯಬೇಕು, ನಾಯಿಗಳು ಹೇಗೆ, ಲಾರಿಗಳು ಫುಟ್‌ಪಾತ್ ಮೇಲೆ ನಿಂತಿರುತ್ತವಾ. ಕ್ಲೈಂಬಿಂಗ್‌ಗೆ ಹೆಣ್ಣುಮಕ್ಕಳು ಬಹಳ ಜನ ಬರುತ್ತಾರೆ, ಆ ಹತ್ತು ನಿಮಿಷದ ನಡಿಗೆ ಸರಿ ಇಲ್ಲದಿದ್ದರೆ ಎರಡನೇ ಸಲ ಬರುವುದಿಲ್ಲ. ದಾರಿ ಅಷ್ಟಕ್ಕಷ್ಟೇ ಅನ್ನಿಸಿದರೆ ಸಂಜೆ ಸ್ಟೇಷನ್‌ಗೆ ಹೋಗಿ ಬರುವ ಒಂದು ಎಲೆಕ್ಟ್ರಿಕ್ ಆಟೋದ ಖರ್ಚನ್ನು ಬಾಡಿಗೆಗೇ ಸೇರಿಸಿ ಲೆಕ್ಕ ಹಾಕಿ. ಆಗಲೂ ಇಂದಿರಾನಗರಕ್ಕಿಂತ ಅಗ್ಗ.

ಕೊನೆಯದು, ನನಗೆ ಅತಿ ಹೆಚ್ಚು ಚಿಂತೆ ಇರುವುದು, ಕಾಗದ. ಕೈಗಾರಿಕಾ ಪ್ರದೇಶದ ನಿವೇಶನ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿದ್ದಾದರೆ ಅದನ್ನು ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೆ, ಬೇರೆಯವರಿಗೆ ಬಾಡಿಗೆಗೆ ಕೊಡಬಹುದಾ, ಕ್ರೀಡಾ ಚಟುವಟಿಕೆಗೆ ಬಳಸಬಹುದಾ ಅಂತ ಹಂಚಿಕೆ ಪತ್ರದಲ್ಲೇ ನೋಡಬೇಕು. ಖಾತಾ, ಕಟ್ಟಡದ ಒಸಿ (ವಾಸಯೋಗ್ಯ ಪ್ರಮಾಣಪತ್ರ), ಆಸ್ತಿ ತೆರಿಗೆ ರಸೀದಿ ಕೇಳಿ. ಟ್ರೇಡ್ ಲೈಸೆನ್ಸ್ ಸಿಗುವುದು ಇವುಗಳ ಮೇಲೆ. ಕರೆಂಟು ಕೈಗಾರಿಕಾ ದರದ್ದಾಗಿದ್ದರೆ ಬೆಸ್ಕಾಂನಲ್ಲಿ ವಾಣಿಜ್ಯ ದರಕ್ಕೆ ಬದಲಾಯಿಸಬೇಕು. ಎರಡನೇ ಬಾಗಿಲು ಇದೆಯಾ ನೋಡಿ. ಇಷ್ಟೊಂದು ಫೋಮ್ ಇರುವ ಜಾಗಕ್ಕೆ ಒಂದೇ ದಾರಿ ಇದ್ದರೆ ಬೆಂಕಿ ಬಿದ್ದಾಗ ಯಾರನ್ನೂ ಕಾಪಾಡಲು ಆಗದು.

ಅದಕ್ಕಿಂತ ದೊಡ್ಡದು, ಆ ಕಡೆ ಹಳೇ ಶೆಡ್‌ಗಳ ಜಾಗ ಬಿಲ್ಡರ್‌ಗಳ ಕಣ್ಣಿಗೆ ಬಿದ್ದು ಬಹಳ ದಿನವಾಯಿತು. ಎರಡು ವರ್ಷ ಕಳೆದ ಮೇಲೆ ಒಳ್ಳೆ ರೇಟ್ ಬಂತು ಅಂತ ಮಾಲೀಕರು ಮಾರಿದರೆ ನಿಮ್ಮ ಗೋಡೆ ಗುಜರಿ. ಸಾಮಾನ್ಯವಾಗಿ ಲಾಕ್-ಇನ್, ಅಂದರೆ ಇಷ್ಟು ವರ್ಷ ಕರಾರು ಮುರಿಯುವಂತಿಲ್ಲ ಅನ್ನುವುದು, ಬಾಡಿಗೆದಾರನಿಗೆ ಮಾತ್ರ ಇರುತ್ತದೆ. ನಿಮ್ಮ ಕರಾರಿನಲ್ಲಿ ಅದು ಮಾಲೀಕರಿಗೂ ಇರಬೇಕು. ಕನಿಷ್ಠ ಆರು ವರ್ಷ ಅವರು ಬಿಡಿಸುವಂತಿಲ್ಲ, ಮಾರಿದರೂ ಕೊಂಡವರು ಈ ಕರಾರಿಗೆ ಬದ್ಧರು, ಮುಂಚೆ ಬಿಡಿಸಿದರೆ ಗೋಡೆಯ ಖರ್ಚು ವರ್ಷದ ಲೆಕ್ಕದಲ್ಲಿ ವಾಪಸ್ ಕೊಡಬೇಕು. ನಿಮಗೆ ಮಾತ್ರ ಮೂರು ವರ್ಷದ ಮೇಲೆ ಬಿಡುವ ಹಕ್ಕು ಇಟ್ಟುಕೊಳ್ಳಿ. ಹನ್ನೊಂದು ತಿಂಗಳ ಕರಾರು ಮಾಡಿ ಆಮೇಲೆ ಮುಂದುವರಿಸೋಣ ಅಂದರೆ ಬೇಡವೇ ಬೇಡ. ಒಂದು ವರ್ಷ ದಾಟುವ ಲೀಸ್ ನೋಂದಣಿ ಆಗಲೇಬೇಕು. ಸ್ಟಾಂಪ್ ಡ್ಯೂಟಿ ಉಳಿಸಲು ಅದನ್ನು ತಪ್ಪಿಸಿದರೆ ಕೋರ್ಟಿಗೆ ಹೋದ ದಿನ ಕೈಯಲ್ಲಿ ಏನೂ ಇರುವುದಿಲ್ಲ.

ಮೈಸೂರು ಬಗ್ಗೆ ಎರಡೇ ಮಾತು. ಬಾಡಿಗೆ ಕಡಿಮೆ ನಿಜ, ಆದರೆ ಗೋಡೆ, ಮ್ಯಾಟ್, ಹೋಲ್ಡ್‌ನ ಬೆಲೆ ಎಲ್ಲ ಊರಲ್ಲೂ ಒಂದೇ. ತಿಂಗಳಿಗೆ ಮೂರು ಸಾವಿರ ಕೊಟ್ಟು ಬರುವವರು ಅಲ್ಲಿ ಕಡಿಮೆ. 2,000 ಚದರ ಅಡಿಯಲ್ಲಿ ಮಕ್ಕಳ ಗೋಡೆ ಮತ್ತು ಒಂದು ಬೋರ್ಡ್ ಇಟ್ಟು, ಬಂಡವಾಳ ಅರ್ಧಕ್ಕಿಂತ ಕಡಿಮೆ ಇಟ್ಟುಕೊಂಡರೆ ನಡೆದೀತು. ಅದು ನಿಮ್ಮ ಎರಡನೇ ಜಿಮ್ ಆಗಲಿ.

ಶೆಡ್ ನೋಡಿದ ಕೂಡಲೇ ಬ್ರೋಕರ್ 'ಇನ್ನೊಂದು ಪಾರ್ಟಿ ರೆಡಿ ಇದೆ, ಇವತ್ತೇ ಟೋಕನ್ ಕೊಡಿ' ಅನ್ನುತ್ತಾರೆ. ಕೊಡುವುದಾದರೆ ಸಣ್ಣ ಮೊತ್ತ ಕೊಡಿ. ಕಾಗದಪತ್ರ ಮತ್ತು ಎಂಜಿನಿಯರ್ ವರದಿ ಸರಿ ಬರದಿದ್ದರೆ ವಾಪಸ್ ಅಂತ ರಸೀದಿಯಲ್ಲಿ ಬರೆಸಿಕೊಂಡು, ಮೂವತ್ತು ದಿನದ ಗಡುವು ಹಾಕಿಸಿ. ಆ ಮೂವತ್ತು ದಿನದಲ್ಲಿ ಮೊದಲು ವಕೀಲರು, ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್, ಅದಾದ ಮೇಲೆ ಗೋಡೆ ಕಟ್ಟುವವರು ಬಂದು ನೋಡಲಿ. ಗೋಡೆ ಕಟ್ಟಿ ಮುಗಿಸಲು ಬೇಕಾಗುವ ತಿಂಗಳುಗಳಿಗೆ ಬಾಡಿಗೆ ಬೇಡ ಅಂತ ಕೇಳಿ. ನಾಲ್ಕು ಕೇಳಿ, ಮೂರಕ್ಕೆ ಒಪ್ಪಿಕೊಳ್ಳಿ. ಹಿತ್ತಲಲ್ಲಿ ಹೋಲ್ಡ್ ತೊಳೆಯಲು ಒಂದು ನಲ್ಲಿ ಮತ್ತು ನೀರು ಹರಿದುಹೋಗುವ ಮೋರಿ ಇದೆಯಾ ಅಂತಲೂ ಅದೇ ದಿನ ನೋಡಿಕೊಂಡು ಬನ್ನಿ.